ಭಾಮಿನಿ ಷಟ್ಪದಿಯ ಮೂರನೇ ಸಾಲಿಗೆ 22 ಮಾತ್ರೆ ಬರುತ್ತಿದೆ, ಅಂತ್ಯಪ್ರಾಸವೂ ಇಲ್ಲ. ಪದ್ಯವೇ ತಪ್ಪೇ?

ಪದ್ಯ ಸರಿಯಾಗೇ ಇರಬೇಕು ಮಾರಾಯ್ರೆ. ಒಟ್ಟು ಮಾತ್ರೆ (ಅಕ್ಷರ ಉಚ್ಚರಿಸುವ ಕಾಲದ ಅಳತೆ) ಕೂಡಿಸಿ ಛಂದಸ್ಸು ಹಿಡಿಯಲು ಹೊರಟಿದ್ದೇ ತೊಡಕು. ಈ 22ರ ಗಂಟು ನನಗೆ ಹಳೇ ಪರಿಚಯ. ನಿಮ್ಮ ಪದ್ಯ ಕಾಣದ್ದಕ್ಕೆ ನಾನೇ ಅರ್ಧ ಹೊಸೆದಿದ್ದೇನೆ:

ಮಳೆಯು | ಸುರಿದಿದೆ | ಮಲೆಯ | ನಾಡಲಿ
ಹೊಳೆಯು | ತುಂಬಿತು | ತುಂಗೆ | ಕೆಂಪಗೆ
ಎಳೆಯ | ಸಸಿಗಳ | ನಾಟಿ | ಗದ್ದೆಗೆ | ನೀರು | ಹರಿಯುವು | ದು

ಗೆರೆಗಳ ನಡುವಿನ ಒಂದೊಂದು ತುಂಡೂ ಒಂದು ಗಣ. ಮೊದಲೆರಡು ಸಾಲು 3+4+3+4, ಅಂದರೆ 14. ಮೂರನೆಯದು ಅದರ ಒಂದೂವರೆ ಪಟ್ಟು, ಮೇಲೊಂದು ಗುರು (ಎರಡು ಮಾತ್ರೆಯ ಅಕ್ಷರ): 21+2=23. ಕೊನೆಯ ‘ದು’ ಬರಿಗಣ್ಣಿಗೆ ಲಘು, ಅಂದರೆ ಒಂದೇ ಮಾತ್ರೆ. ಮೂರನೇ, ಆರನೇ ಸಾಲಿನ ತುದಿಯಲ್ಲಿ ನಿಂತಾಗ ಅದು ಗುರುವೆಂದೇ ಲೆಕ್ಕ. ನಿಮ್ಮ 22 ಬಂದದ್ದು ಬಹುಶಃ ಇಲ್ಲೇ. ಷಟ್ಪದಿಗೆ ಆರು ಸಾಲು, ಉಳಿದ ಮೂರೂ ಹೀಗೇ. ವಾರ್ಧಕವೆಂಬ ಇನ್ನೊಂದು ಷಟ್ಪದಿಗೂ ಇದೇ ಸೂತ್ರ: ಚಿಕ್ಕ ಸಾಲು 20, ದೊಡ್ಡದು 30+2=32.

ದೊಡ್ಡ ಎಡವಟ್ಟು ಬೇರೆಯೇ ಇದೆ. ‘ಗದ್ದೆಗೆ’ಯಲ್ಲಿ ಗುರುವಿನ ಗೆರೆ ‘ಗ’ದ ಮೇಲೆ ಬೀಳಬೇಕು, ‘ದ್ದೆ’ಯ ಮೇಲಲ್ಲ. ಒತ್ತಕ್ಷರ ಭಾರ ಹೊರಿಸುವುದು ತನ್ನ ಹಿಂದಿನ ಅಕ್ಷರಕ್ಕೆ. ತಪ್ಪಿ ‘ದ್ದೆ’ಗೆ ಹಾಕಿದರೂ ಮೊತ್ತ 4 ಬಂದೇ ಬರುತ್ತದೆ! ಅದಕ್ಕೇ ಒಟ್ಟು ಲೆಕ್ಕ ನಂಬಬೇಡಿ ಅನ್ನುವುದು. ಗುರು-ಲಘು-ಲಘು ಇದ್ದದ್ದು ಲಘು-ಗುರು-ಲಘು ಆಗಿ, ಭಗಣ ಹೋಗಿ ಜಗಣ ಕೂರುತ್ತದೆ. ಷಟ್ಪದಿಯ ಗಣ ಸಾಮಾನ್ಯವಾಗಿ ಲಘುವಿನ ಬೆನ್ನಿಗೇ ಗುರು ಇಟ್ಟುಕೊಂಡು ಶುರುವಾಗುವುದಿಲ್ಲ. ನಿಮ್ಮ ಪ್ರಸ್ತಾರದಲ್ಲಿ (ಗುರು-ಲಘು ಗುರುತು ಹಾಕಿದ್ದರಲ್ಲಿ) ಹಾಗೆ ಕಂಡರೆ ಕವಿಯನ್ನು ಬಯ್ಯುವ ಮೊದಲು ಗೆರೆ ತಿದ್ದಿ. ಅನುಸ್ವಾರದಲ್ಲಿ ಈ ಗೋಜಿಲ್ಲ, ‘ತುಂ’ ತಾನೇ ಗುರು. ಹಳಗನ್ನಡದ ಪದ್ಯವಾದರೆ ಮಾತ್ರ ಶಿಥಿಲದ್ವಿತ್ವ ನೋಡಿಕೊಳ್ಳಿ: ‘ಅಮರ್ದು’ ಎಂಬಲ್ಲಿ ಒತ್ತು ತೇಲಿಸಿ ಓದಿದರೆ ‘ಮ’ ಲಘುವಾಗಿಯೇ ಉಳಿಯುತ್ತದೆ.

ಗಣದ ಗೆರೆ ಪದದ ಕೊನೆಗೇ ಬೀಳಬೇಕೆಂದೂ ಇಲ್ಲ, ‘ಹರಿಯುವುದು’ ಒಡೆದದ್ದು ನೋಡಿ. ತಕಿಟ-ತಕಧಿಮಿ ಎಂದು ತೊಡೆ ತಟ್ಟುತ್ತಾ ಓದಿ. ಯಕ್ಷಗಾನ ಕೇಳಿದರೆ ಸಾಕು ಎಂದು ಸಾಗರ, ಹೊಸನಗರದ ಕಡೆ ಯಾರಾದರೂ ಹೇಳಿಯಾರು. ಆದರೆ ಭಾಗವತರು ಭಾಮಿನಿಯನ್ನು ತಾಳವಿಲ್ಲದೆ ಎಳೆದು ಹಾಡುತ್ತಾರೆ. ಗಣ ಕಲಿಯುವವರಿಗೆ ಅದರಿಂದ ಗೊಂದಲವೇ ಹೆಚ್ಚು.

ಇನ್ನು ಪ್ರಾಸ. ಷಟ್ಪದಿಯಲ್ಲಿ ಹುಡುಕಬೇಕಾದದ್ದು ಸಾಲಿನ ತುದಿಯಲ್ಲಲ್ಲ, ಎರಡನೇ ಅಕ್ಷರದಲ್ಲಿ: ಮಳೆ, ಹೊಳೆ, ಎಳೆ. ವ್ಯಂಜನ ಒಂದೇ ಇದ್ದರೆ ಸಾಕು, ಸ್ವರ ಬದಲಾಗಬಹುದು. ‘ತಳಿರು’ ಬಂದರೂ ನಡೆಯುತ್ತದೆ. ‘ಬಾಳೆ’ ಮಾತ್ರ ಕೂಡದು. ಮೊದಲಕ್ಷರ ಹ್ರಸ್ವವಿದ್ದರೆ ಸಿಂಹಪ್ರಾಸ, ದೀರ್ಘವಿದ್ದರೆ ಗಜಪ್ರಾಸ, ಎರಡನ್ನೂ ಒಂದೇ ಪದ್ಯದಲ್ಲಿ ಬೆರೆಸುವುದಿಲ್ಲ.