ಸಿನಿಮಾದಲ್ಲಿ ಆ ದೃಶ್ಯಗಳನ್ನು ಕತ್ತರಿಸಿ ತೋರಿಸಬಹುದಾ?

ನಿಮ್ಮ ಓದುವ ಬಳಗ ‘ಲೇಡಿ ಚಾಟರ್ಲೀಸ್ ಲವರ್’ ಓದಿ ಮುಗಿಸಿದೆ, ಈಗ ಅದರ ಸಿನಿಮಾ ತೋರಿಸಬೇಕು, ಯಾವುದು ತೋರಿಸಲಿ, ಅದರಲ್ಲಿ ಪ್ರಣಯದ ದೃಶ್ಯಗಳನ್ನು ಎಷ್ಟು ಕತ್ತರಿಸಲಿ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ ಎದೆ ಧಸಕ್ಕೆಂದಿತು. ಇದನ್ನೇ ನಾನು ಮಾಡಿದ್ದೆ.

2011ರ ಮಾತು. ನಮ್ಮ ಬಳಗದಲ್ಲಿ ಮೂವತ್ತು ಜನ, ಅರ್ಧದಷ್ಟು ನಿವೃತ್ತರು. ಪಾಸ್ಕಲ್ ಫೆರಾನ್ ಎಂಬ ಫ್ರೆಂಚ್ ನಿರ್ದೇಶಕಿ 2006ರಲ್ಲಿ ಮಾಡಿದ ‘ಲೇಡಿ ಚಾಟರ್ಲಿ’ಯನ್ನು ಆರಿಸಿಕೊಂಡೆ. ಫ್ರಾನ್ಸಿನ ಸೆಸಾರ್ ಪ್ರಶಸ್ತಿಗಳಲ್ಲಿ ಐದನ್ನು ಗೆದ್ದ ಸಿನಿಮಾ. ಇಂಗ್ಲಿಷ್ ಲೇಖಕ ಡಿ. ಎಚ್. ಲಾರೆನ್ಸ್ ಈ ಕಾದಂಬರಿಯನ್ನು ಮೂರು ಸಲ ಬರೆದ. 1928ರಲ್ಲಿ ಅಚ್ಚಾಗಿದ್ದು ಮೂರನೆಯದು, ಆಕೆ ತೆಗೆದುಕೊಂಡಿದ್ದು ಎರಡನೆಯದನ್ನು. ಅದಕ್ಕೇ ಲೇಡಿ ಚಾಟರ್ಲಿ, ಅಂದರೆ ಕಾನಿ, ಪ್ರೀತಿಸುವ ಕಾಡು ಕಾಯುವವನ ಹೆಸರು ಇಲ್ಲಿ ಮೆಲರ್ಸ್ ಅಲ್ಲ, ಪಾರ್ಕಿನ್.

ತೋರಿಸುವ ಹಿಂದಿನ ರಾತ್ರಿ ಹೆದರಿಕೆ ಶುರುವಾಯಿತು. ಅಶ್ಲೀಲ ಅಂತ ಈ ಪುಸ್ತಕ ಮಾರಿದ್ದಕ್ಕೆ ಮುಂಬೈಯ ಅಂಗಡಿಯವರೊಬ್ಬರಿಗೆ ಆದ ಶಿಕ್ಷೆಯನ್ನು ನಮ್ಮ ಸುಪ್ರೀಂ ಕೋರ್ಟೇ 1964ರಲ್ಲಿ ಎತ್ತಿಹಿಡಿದಿತ್ತು. ಅದು ತಲೆಯಲ್ಲಿ ಸುತ್ತುತ್ತಿತ್ತು. ಲ್ಯಾಪ್‌ಟಾಪ್ ಮುಂದೆ ಕೂತು ಇಪ್ಪತ್ತೇಳು ನಿಮಿಷ ಕತ್ತರಿಸಿದೆ. ಕತೆಗೆ ಏನೂ ಆಗಲ್ಲ ಅಂದುಕೊಂಡೆ.

ನಾನು ಎಲ್ಲಿ ತಪ್ಪಿದೆ ಅಂತ ಬಿಡಿಸಿ ಹೇಳಲೇಬೇಕು. ಕಾಡಿನ ಗುಡಿಸಲ ಹತ್ತಿರ ಪಾರ್ಕಿನ್ ಫೆಸೆಂಟ್ ಹಕ್ಕಿಯ ಮರಿಗಳನ್ನು ಸಾಕುತ್ತಿರುತ್ತಾನೆ. ಕಾನಿ ಒಂದು ಮರಿಯನ್ನು ಅಂಗೈಯಲ್ಲಿ ಹಿಡಿಯುತ್ತಾಳೆ. ಬೆರಳಿನ ನಡುವೆ ಅದರ ಪುಟ್ಟ ತಲೆ. ನೋಡುತ್ತಾ ನೋಡುತ್ತಾ ಅವಳಿಗೆ ಅಳು ಬರುತ್ತದೆ. ಅವನು ಅವಳನ್ನು ಮುಟ್ಟುವುದು ಆಗ. ನನ್ನ ಮೊದಲ ಕತ್ತರಿ ಬಿದ್ದಿದ್ದು ಅಲ್ಲೇ. ಅವಳು ಅತ್ತಳು, ಮರುಕ್ಷಣ ಮನೆ ಕಡೆ ನಡೆಯುತ್ತಿದ್ದಳು. ಮುಂದೆಯೂ ಅಷ್ಟೇ. ಹೊಲ ದಾಟಿ ಕಾಡಿಗೆ ಹೋಗುತ್ತಾಳೆ, ವಾಪಸ್ ಬರುತ್ತಾಳೆ.

ಮೊದಮೊದಲು ಅವರಿಬ್ಬರೂ ಬಟ್ಟೆ ಪೂರ್ತಿ ಕಳಚುವುದೇ ಇಲ್ಲ. ಒಬ್ಬರ ಮುಖ ಒಬ್ಬರು ನೋಡಲೂ ಸಂಕೋಚ. ಆ ಸಂಕೋಚ ಒಂದೊಂದೇ ಪದರ ಕಳಚಿಕೊಂಡು, ಕೊನೆಗೆ ಮಳೆಯಲ್ಲಿ ಬೆತ್ತಲೆಯಾಗಿ ಓಡುತ್ತಾರೆ, ಮೈಮೇಲೆ ಕಾಡುಹೂವು ಇಟ್ಟುಕೊಂಡು ಮಕ್ಕಳ ಹಾಗೆ ಆಡುತ್ತಾರೆ. ಮಾತೇ ಆಡದ ಆ ಮನುಷ್ಯ ಕೊನೆಯಲ್ಲಿ ಮನಸ್ಸು ಬಿಚ್ಚಿ ಮಾತಾಡುತ್ತಾನೆ. ಆ ಮಾತು ಅವನಿಗೆ ಬಂದಿದ್ದು ಎಲ್ಲಿಂದ? ನಾನು ಕತ್ತರಿಸಿ ಎಸೆದ ಇಪ್ಪತ್ತೇಳು ನಿಮಿಷದಿಂದ.

ಸಿನಿಮಾ ಮುಗಿದ ಮೇಲೆ ಹಿರಿಯರಾದ ಒಬ್ಬ ಟೀಚರ್ ಕೇಳಿದರು: “ಅಲ್ಲಮ್ಮಾ, ಆ ಹುಡುಗಿ ಅಷ್ಟು ಸಲ ಕಾಡಿಗೆ ಯಾಕೆ ಹೋಗ್ತಾಳೆ?” ಇನ್ನೊಬ್ಬರು, “ಯುದ್ಧದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳಕೊಂಡ ಗಂಡನಿಗೆ ಮೋಸ ಮಾಡ್ತಾಳೆ, ಇಷ್ಟೇನಾ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಲಾರೆನ್ಸನ ಪುಸ್ತಕವನ್ನು ಬರೀ ಹಾದರದ ಕತೆ ಮಾಡಿ ತೋರಿಸಿದ್ದೆ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಹಾಗಾಗಿ ಎಷ್ಟು ಕತ್ತರಿಸಲಿ ಅನ್ನುವ ಪ್ರಶ್ನೆಯೇ ಬೇಡ. ಇಡೀ ತೋರಿಸಿ, ಇಲ್ಲಾಂದ್ರೆ ತೋರಿಸಲೇಬೇಡಿ. ನಮ್ಮ ಕಾಲೇಜಿನಲ್ಲಿ ಶೃಂಗಾರದ ಪದ್ಯ ಬಂದರೆ ಮೇಷ್ಟ್ರು “ಇದನ್ನು ಮನೇಲಿ ಓದ್ಕೊಳ್ಳಿ” ಅಂತ ಪುಟ ತಿರುಗಿಸುತ್ತಿದ್ದರು. ಆ ಅಭ್ಯಾಸ ನಮ್ಮಲ್ಲಿ ತುಂಬಾ ಆಳಕ್ಕೆ ಇಳಿದಿದೆ.

‘ಉತ್ಸವ್’ ಆದರೆ ಯಾರೂ ಆಕ್ಷೇಪ ಮಾಡಲ್ಲ ಅಲ್ವಾ ಅಂತಲೂ ಬರೆದಿದ್ದೀರಿ. ಕಾರ್ನಾಡರ ಆ ಸಿನಿಮಾ (1984) ನನಗೂ ಪ್ರಾಣ. ಶೂದ್ರಕನ ‘ಮೃಚ್ಛಕಟಿಕ’ದ ಕತೆಯೊಳಗೆ ವಾತ್ಸ್ಯಾಯನನನ್ನೇ ಪಾತ್ರವಾಗಿ ತಂದು ಕೂರಿಸಿದರು. ಆದರೆ ಅಲ್ಲಿ ಚಾರುದತ್ತ ವಸಂತಸೇನೆಯ ಒಡವೆಗಳನ್ನು ಒಂದೊಂದಾಗಿ ಕಳಚುವ ದೃಶ್ಯ ಇದೆ. ಅದನ್ನೂ ಕತ್ತರಿಸುತ್ತೀರಾ? ಆ ನಾಟಕದ ಕತೆ ಸುತ್ತುವುದೇ ಒಡವೆಗಳ ಸುತ್ತ. ಸಂಸ್ಕೃತದ್ದು ಅನ್ನೋ ಕಾರಣಕ್ಕೆ ಯಾವುದನ್ನೂ ಸುರಕ್ಷಿತ ಅಂತ ಆರಿಸಬೇಡಿ.

ಚಾಟರ್ಲಿಯ 1981ರ ಸಿನಿಮಾ ಬೇಡವೇ ಬೇಡ, ಅಲ್ಲಿ ಮೈ ಇದೆ, ಕಾನಿ ಇಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ 2022ರಲ್ಲಿ ಬಂದಿದ್ದು ಪರವಾಗಿಲ್ಲ, ಆದರೆ ಅವಸರ ಜಾಸ್ತಿ. ಫೆರಾನ್‌ದೇ ತೋರಿಸಿ. ಹಕ್ಕಿರುವವರ ಅನುಮತಿ ಕೇಳಿ. ದೊಡ್ಡವರಿಗೆ ಮಾತ್ರ ಅಂತ ಹೇಳಿ, ಏನೇನಿದೆ ಅಂತ ವಾರ ಮುಂಚೆಯೇ ತಿಳಿಸಿ. ಬಾರದವರು ಬಾರದೇ ಇರಲಿ. ಮೂರು ವರ್ಷ ಬಿಟ್ಟು ನಾನು ಇಡೀ ತೋರಿಸಿದಾಗ ಬಂದಿದ್ದು ಹನ್ನೊಂದೇ ಜನ. ಆ ಟೀಚರ್ ಬಂದಿದ್ದರು. ಹೂವಿನ ದೃಶ್ಯ ಬಂದಾಗ ಪಕ್ಕದಲ್ಲಿದ್ದ ನನ್ನ ಕೈ ಹಿಡಿದುಕೊಂಡರು, ಮುಗಿಯುವವರೆಗೂ ಬಿಡಲಿಲ್ಲ.

ಸಿನಿಮಾ ಎರಡೂಮುಕ್ಕಾಲು ಗಂಟೆ ಇದೆ, ನಡುವೆ ಕಾಫಿಗೆ ಹತ್ತು ನಿಮಿಷ ಬಿಡಿ. ಮರಿಯ ದೃಶ್ಯದ ಹತ್ತಿರ ಮಾತ್ರ ನಿಲ್ಲಿಸಬೇಡಿ.