ಮನೆಯಲ್ಲಿ ಆಗಮನ ಕಾಲ ಆಚರಿಸುವುದು ಹೇಗೆ?

ಕಾರವಾರದಲ್ಲಿದ್ದೇವೆ, ಸಣ್ಣ ಮಕ್ಕಳಿದ್ದಾರೆ, ಡಿಸೆಂಬರ್ ಬಂದದ್ದೇ ನಕ್ಷತ್ರ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ), ತಿಂಡಿ ಎಂದು ಕ್ರಿಸ್ಮಸ್ಸೇ ಶುರುವಾಗಿಬಿಡುತ್ತದೆ, ಆಗಮನ ಕಾಲಕ್ಕೆ, ಅಂದರೆ ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಕಾಯುವಿಕೆಗೆ, ಮನೆಯಲ್ಲಿ ಜಾಗ ಎಲ್ಲಿ ಎಂದು ಕೇಳಿದ್ದೀರಿ. ಹೊಸದಾಗಿ ಸೇರಿಸಬೇಕಾದದ್ದು ಒಂದೇ, ನಾಲ್ಕು ಮೇಣದಬತ್ತಿಗಳ ಹಸಿರು ವಲಯ. ಮೊದಲ ಭಾನುವಾರದಿಂದ ಒಂದು, ಎರಡನೆಯದರಿಂದ ಎರಡು, ಹೀಗೆ ವಾರಕ್ಕೊಂದು ಬತ್ತಿ ಹೆಚ್ಚಿಸಿ ಹಚ್ಚುವುದು. ಉಳಿದಂತೆ ನೀವು ಹೇಗೂ ಮಾಡುವ ಕೆಲಸಗಳನ್ನೇ ನಾಲ್ಕು ವಾರಕ್ಕೆ ಹಂಚಿಕೊಳ್ಳಿ. ಕಾಯುವುದನ್ನು ಮಕ್ಕಳಿಗೆ ಮಾತಿನಲ್ಲಿ ಕಲಿಸಲಾಗದು. ದಿನಕ್ಕಿಷ್ಟೇ ಎಂದು ಬೆಳೆಯುವ ವಸ್ತು ಕಣ್ಣೆದುರಿಗಿದ್ದರೆ ತಾವೇ ಕಲಿಯುತ್ತಾರೆ.

ಆಗಮನ ಕಾಲ ಶುರುವಾಗುವುದು ನವೆಂಬರ್ 30ಕ್ಕೆ ಅತಿ ಹತ್ತಿರದ ಭಾನುವಾರ. 2026ರಲ್ಲಿ ನವೆಂಬರ್ 29. ಡಿಸೆಂಬರ್ 1 ಎಂದು ಲೆಕ್ಕ ಹಿಡಿದರೆ ಮೊದಲ ಭಾನುವಾರ ಕೈತಪ್ಪುತ್ತದೆ.

ವಲಯಕ್ಕೆ ಸುಮಾರು 30 ಸೆಂ.ಮೀ. ಅಗಲದ ಸ್ಟೀಲ್ ಹರಿವಾಣ ಸಾಕು. ಎರಡು ಬೆರಳು ದಪ್ಪ ಹೊಳೆಮರಳು ಹರಡಿ ನೀರು ಚಿಮುಕಿಸಿ. ಕಡಲ ಮರಳು ಬೇಡ, ಉಪ್ಪಿಗೆ ಎಲೆ ಬೇಗ ಬಾಡುತ್ತದೆ, ಪಾತ್ರೆಯೂ ಕಲೆಯಾಗುತ್ತದೆ. ಬತ್ತಿಗಳನ್ನು ನೇರ ಒದ್ದೆ ಮರಳಿಗೆ ಚುಚ್ಚಬೇಡಿ. ಬುಡದ ನೂಲು ನೀರು ಹೀರಿ ಉರಿ ಚಟಪಟ ಎನ್ನುತ್ತದೆ. ನಾಲ್ಕು ಮಣ್ಣಿನ ಹಣತೆಗಳಲ್ಲಿ ಮೇಣ ಕರಗಿಸಿ ಬತ್ತಿ ನಿಲ್ಲಿಸಿ, ಹಣತೆಗಳನ್ನು ಮರಳಿನ ಮೇಲೆ ಕೂರಿಸಿ. ಸುತ್ತ ಕ್ರೋಟನ್, ಬಲಿತ ಮಾವಿನೆಲೆ ಸಿಗಿಸಿದರೆ ವಾರ ಬಾಳುತ್ತದೆ, ಶನಿವಾರ ಬದಲಿಸಿ. ಕಡಲತೀರದ ಗಾಳಿಮರದ ಸೊಪ್ಪು ನೋಡಲು ಚೆಂದ, ಆದರೆ ಒಣಗಿದರೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಅದನ್ನು ಗೋದಲಿಗೆ ಇಟ್ಟುಕೊಳ್ಳಿ, ದೀಪದ ಹತ್ತಿರ ತರಬೇಡಿ.

ಬತ್ತಿಗಳ ಬಣ್ಣ: ಮೂರಕ್ಕೆ ನೇರಳೆ, ಮೂರನೇ ಭಾನುವಾರದ್ದಕ್ಕೆ ಗುಲಾಬಿ. ಅದು ಸಂತೋಷದ ಭಾನುವಾರ, ಅಂದು ಗುರುಗಳ ಪೂಜಾವಸ್ತ್ರವೂ ಗುಲಾಬಿ ಇರಬಹುದು. ನೇರಳೆ ಮೇಣ ಸಿಗದಿದ್ದರೆ ಬಿಳಿ ಬತ್ತಿ ತಂದು ಹಣತೆಯ ಹೊರಮೈಗೆ ಬಣ್ಣ ಹಚ್ಚಿ. ಕ್ರೇಯಾನ್ ಕರಗಿಸಿ ಮೇಣಕ್ಕೆ ಬೆರೆಸುವುದು ಬೇಡ, ಅದರ ಪುಡಿ ನೂಲಿನಲ್ಲಿ ಕಟ್ಟಿಕೊಂಡು ದೀಪ ಸಣ್ಣಗಾಗಿ ನಂದುತ್ತದೆ.

ಮೊದಲ ಬತ್ತಿ ಕೊನೆಯವರೆಗೂ ಉರಿಯಬೇಕು. ದಿನಕ್ಕೆ ಕಾಲು ಗಂಟೆಯಂತೆ 26 ದಿನಕ್ಕೆ ಆರೂವರೆ ಗಂಟೆ. ಎರಡು ಸೆಂ.ಮೀ. ದಪ್ಪದ ಬತ್ತಿ ಗಂಟೆಗೆ ಹೆಚ್ಚುಕಡಿಮೆ ಎರಡೂವರೆ ಸೆಂ.ಮೀ. ಕರಗುವುದರಿಂದ 20 ಸೆಂ.ಮೀ. ಉದ್ದದ್ದು ಬೇಕು. ಕರೆಂಟ್ ಹೋದಾಗ ಹಚ್ಚುವ ಸಪೂರ ಬತ್ತಿ ನಡುವೆಯೇ ಮುಗಿದುಹೋಗುತ್ತದೆ. ಹಚ್ಚುವ ಮೊದಲು ಫ್ಯಾನ್ ಆರಿಸಿ, ಇಲ್ಲದಿದ್ದರೆ ಒಂದೇ ಬದಿಗೆ ಸುರಿದು ಬೇಗ ಸವೆಯುತ್ತದೆ.

ಹಚ್ಚುವ ಹೊತ್ತು ರಾತ್ರಿ ಊಟಕ್ಕೆ ಮುಂಚೆ, ಜಪಸರದ (ಮಣಿ ಎಣಿಸಿ ಮಾಡುವ ಪ್ರಾರ್ಥನೆ) ಜೊತೆಗೇ ಇರಲಿ. ಕೈಗಾ ಅಣುಸ್ಥಾವರದಲ್ಲಿ ಪಾಳಿ ಕೆಲಸ, ಬೋಟಿನ ಕೆಲಸ ಇರುವ ಮನೆಗಳಲ್ಲಿ ಎಲ್ಲರೂ ಸೇರುವ ತನಕ ಕಾಯುತ್ತ ಕೂತರೆ ವಾರದಲ್ಲಿ ಎರಡು ದಿನವೂ ನಡೆಯದು, ಮನೆಯಲ್ಲಿದ್ದವರು ಹಚ್ಚಲಿ. ಭಾನುವಾರ ಬೈಬಲ್ ಓದಲು 2026ಕ್ಕೆ ಹೀಗೆ: ಮೊದಲ ವಾರ ಮಾರ್ಕ 13:33–37, ಎರಡನೆಯದು ಮಾರ್ಕ 1:1–8, ಮೂರನೆಯದು ಯೊವಾನ್ನ 1:6–8 ಮತ್ತು 19–28, ನಾಲ್ಕನೆಯದು ಲೂಕ 1:26–38. ಸಣ್ಣವರಿಗೆ ಒಂದು ವಾಕ್ಯ ಓದಿದರೂ ಸಾಕು. ಓದಲು ಬರುವ ಮಗುವಿಗೇ ಪುಸ್ತಕ ಕೊಡಿ.

ಗೋದಲಿಯನ್ನು ಒಂದೇ ದಿನ ಕಟ್ಟಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ಮೊದಲ ವಾರ ಖಾಲಿ ಕೊಟ್ಟಿಗೆ ಮಾತ್ರ, ಎರಡನೇ ವಾರ ದನ, ಕುರಿ, ಮೂರನೇ ವಾರ ಕುರುಬರು, ನಾಲ್ಕನೇ ವಾರ ಮರಿಯಮ್ಮ, ಜೋಸೆಫ್. ಮೇವಿನ ತೊಟ್ಟಿ ಖಾಲಿಯೇ ಇರಲಿ. ದಿನವೂ ಮಗು ಒಂದು ಒಳ್ಳೆಯ ಕೆಲಸ ಮಾಡಿದಾಗ ತೊಟ್ಟಿಗೆ ಒಂದು ಭತ್ತದ ಹುಲ್ಲಿನ ಎಳೆ. ಮಾಡಲಿಲ್ಲವೆಂದು ಎಳೆ ವಾಪಸು ತೆಗೆಯಬೇಡಿ, ಅದು ಶಿಕ್ಷೆಯಾಗಿಬಿಡುತ್ತದೆ. ಬಾಲಯೇಸು 24ರ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ.

ಗೋದಲಿಯ ಹಸಿರಿಗೆ ರಾಗಿ ಬಿತ್ತುವವರು ಡಿಸೆಂಬರ್ 13ರ ರಾತ್ರಿ ಒಂದು ಹಿಡಿ ರಾಗಿ ನೆನೆಸಿ, ಮರುದಿನ ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಕಂಡ ಮೇಲೆ ತಟ್ಟೆಯಲ್ಲಿ ಒಂದು ಬೆರಳು ಮಣ್ಣಿನ ಮೇಲೆ ಹರಡಿ, ಎರಡು ದಿನ ನೆರಳು, ಆಮೇಲೆ ಬೆಳಕು. ನೀರು ಸುರಿಯಬೇಡಿ, ಬೆಳಗ್ಗೆ ಸಂಜೆ ಚಿಮುಕಿಸಿ; ತಟ್ಟೆಯಲ್ಲಿ ನೀರು ನಿಂತರೆ ಬೂಷ್ಟು ಹಿಡಿದು ಬುಡ ಕೊಳೆಯುತ್ತದೆ. ತೀರಾ ಮುಂಚೆ ಬಿತ್ತಿದರೆ ಹಬ್ಬದ ಹೊತ್ತಿಗೆ ಹಳದಿಯಾಗಿ ಬಾಗುತ್ತದೆ.

ಡಿಸೆಂಬರ್ 3ಕ್ಕೆ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ. ಹಬ್ಬಕ್ಕೆಂದು ಗೋವಾಕ್ಕೆ ಹೋಗುವ ಮನೆಗಳಿಗೆ ಆ ದಿನ ಅದೇ ಪ್ರಾರ್ಥನೆ, ವಲಯ ಒಂದು ದಿನ ಬಿಟ್ಟರೆ ಅಡ್ಡಿಯಿಲ್ಲ. 17ರಿಂದ 23ರವರೆಗೆ ಧರ್ಮಸಭೆಯ ಸಂಜೆಯ ಪ್ರಾರ್ಥನೆಯಲ್ಲಿ ಯೇಸುವಿಗೆ ದಿನಕ್ಕೊಂದು ಹೆಸರು: ಜ್ಞಾನ, ಪ್ರಭು, ಜೆಸ್ಸೆಯ ಬುಡ, ದಾವೀದನ ಬೀಗದ ಕೈ, ಉದಯಸೂರ್ಯ, ಜನಾಂಗಗಳ ರಾಜ, ಇಮ್ಮಾನುವೇಲ್. ಮಕ್ಕಳು ಬೀಗದ ಕೈ, ಸೂರ್ಯ, ಕಿರೀಟ ಬರೆದು ದಾರಕ್ಕೆ ಕಟ್ಟಲಿ.

ಹಬ್ಬದ ಸಿಹಿತಿಂಡಿಗಳಾದ ಕುಲ್ಕುಲ್, ನೆವ್ರಿ (ಹೂರಣ ತುಂಬಿದ ಕರಿದ ಕಡುಬು) ಮಾಡುವುದನ್ನು 20ರ ಆಚೆಗೆ ಇಟ್ಟುಕೊಳ್ಳಿ, ಡಬ್ಬಿ 24ರ ರಾತ್ರಿಯವರೆಗೆ ತೆರೆಯಬೇಡಿ. ನೆವ್ರಿಯೊಳಗೆ ಹಸಿ ತೆಂಗಿನತುರಿ ಹಾಕಿದರೆ ನಮ್ಮ ಸೆಕೆಗೆ ಎರಡು ಮೂರು ದಿನದಲ್ಲಿ ಕಮಟುತ್ತದೆ. ಕೊಬ್ಬರಿ, ಹುರಿದ ಎಳ್ಳು, ರವೆ ಬಳಸಿ.