ಕೆರೆ ತುಂಬಿದ ದಿನ ಸೈಟು ನೋಡಬೇಡಿ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮ ಮನೆಯವರು ಬರುವ ಜೂನಿಗೆ ಬ್ಯಾಂಕಿನಿಂದ ರಿಟೈರ್ ಆಗುತ್ತಾರೆ. ಮೂವತ್ತು ವರ್ಷ ಬೆಂಗಳೂರಿನಲ್ಲಿದ್ದು ಇಬ್ಬರಿಗೂ ಸಾಕಾಗಿದೆ. ಕಳೆದ ಅಕ್ಟೋಬರಿನಲ್ಲಿ ಹಳೇಬೀಡಿಗೆ ಬಂದಿದ್ದೆವು. ದ್ವಾರಸಮುದ್ರ ಕೆರೆ ತುಂಬಿ ನಿಂತಿತ್ತು. ಅವತ್ತಿನಿಂದ ಅವರಿಗೆ ಬೇರೆ ಮಾತೇ ಇಲ್ಲ. ಕೆರೆ ಹತ್ತಿರ ಸೈಟು ತಗೊಂಡು ಮನೆ ಕಟ್ಟೋಣ, ಹಾಸನ ಪಕ್ಕದಲ್ಲೇ ಇದೆಯಲ್ಲ ಅನ್ನುತ್ತಾರೆ. ನನಗೆ ಆಸೆಯೂ ಇದೆ, ಭಯವೂ ಇದೆ. ನೀವು ಅಲ್ಲೇ ಇರುವವರು. ಇದ್ದದ್ದು ಇದ್ದ ಹಾಗೆ ಹೇಳಿ.
– ಹೆಸರು ಬೇಡ, ಬೆಂಗಳೂರು

ಉತ್ತರ: ತಂಗೀ, ನಿಮ್ಮ ಪತ್ರ ಓದುವಾಗ ನಮ್ಮ ಕಥೆಯನ್ನೇ ಓದಿದ ಹಾಗಾಯಿತು. ಹದಿಮೂರು ವರ್ಷದ ಹಿಂದೆ ನಮ್ಮ ಮನೆಯವರೂ ಇದೇ ಕೆರೆ ಏರಿ ಮೇಲೆ ನಿಂತು ಇದೇ ಮಾತು ಆಡಿದ್ದರು. ಬನ್ನಿ ಅಂತಲೇ ನಾನು ಹೇಳುವುದು. ಆದರೆ ಸೈಟಿಗೆ ಒಂದು ರೂಪಾಯಿ ಅಡ್ವಾನ್ಸ್ ಕೊಡುವ ಮೊದಲು ಒಂದು ವರ್ಷ ಬಾಡಿಗೆ ಮನೆಯಲ್ಲಿ ಇರಿ. ಈ ಜೂನಿಗೆ ಬಂದರೆ ಮುಂದಿನ ಜೂನಿನವರೆಗೆ.

ಯಾಕೆ ಅಂದರೆ, ನೀವು ನೋಡಿದ್ದು ಅಕ್ಟೋಬರಿನ ಕೆರೆ. ಅದು ವರ್ಷದಲ್ಲೇ ಅತಿ ಚೆಂದದ ಮುಖ. ಈ ಕೆರೆ ಇಲ್ಲಿನ ದೇವಸ್ಥಾನಕ್ಕಿಂತ ಹಳೆಯದು. ಹೊಯ್ಸಳೇಶ್ವರ ದೇವಸ್ಥಾನದ ಕೆಲಸ ಶುರುವಾದದ್ದು 1121ರ ಸುಮಾರಿಗೆ. ಕೆರೆ ಅದಕ್ಕೂ ಮುಂಚೆ ಇತ್ತು, ಊರಿಗೆ ಹಿಂದೆ ದೋರಸಮುದ್ರ (ದ್ವಾರಸಮುದ್ರ) ಅಂತ ಹೆಸರು ಬಂದದ್ದೇ ಕೆರೆಯಿಂದ. ಆದರೂ ಅದು ಮಳೆ ನಂಬಿಕೊಂಡ ಕೆರೆ. ಬೇಲೂರು ಇಲ್ಲಿಗೆ 16 ಕಿ.ಮೀ. ಅಷ್ಟೇ. ಆಷಾಢದಲ್ಲಿ ಬೇಲೂರಿನ ಬಸ್ ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದು ಬಸ್ ಹತ್ತಿದವರು ಎಷ್ಟೋ ಸಲ ನಮ್ಮೂರಲ್ಲಿ ಒಣ ನೆಲಕ್ಕೆ ಇಳಿಯುತ್ತಾರೆ. ಮಲೆನಾಡು ಅಲ್ಲಿಗೆ ಮುಗಿಯುತ್ತದೆ, ಬಯಲುಸೀಮೆ ಇಲ್ಲಿ ಶುರು. ಯಗಚಿ ಹೊಳೆ ನೀರು ಈ ಕಡೆ ಬರಲಿ ಅಂತ, ರಣಘಟ್ಟ ಯೋಜನೆಗಾಗಿ, ನಮ್ಮ ರೈತರು ವರ್ಷಗಟ್ಟಲೆ ಧರಣಿ ಕೂತದ್ದು ಸುಮ್ನೆ ಅಲ್ಲ.

ಸಾಲಾಗಿ ಬರ ಬಿದ್ದ ವರ್ಷಗಳನ್ನು ನಾವು ಇಲ್ಲೇ ಕಂಡೆವು. ಕೆರೆ ಅಂಗಳ ಬಿರುಕು ಬಿಟ್ಟು, ಎಮ್ಮೆ ಹೆಜ್ಜೆಯ ಗುಂಡಿಗಳು ಕಲ್ಲಿನ ಹಾಗೆ ಗಟ್ಟಿಯಾಗಿದ್ದವು. ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಅಂಚಿನಲ್ಲಿ ಉಳಿದ ಕೆಸರಿನಲ್ಲಿ ಮೀನು ಸತ್ತು ವಾಸನೆ ಅಡುಗೆ ಮನೆವರೆಗೂ ಬರುತ್ತಿತ್ತು. ನಮ್ಮ ಬೋರ್‌ವೆಲ್ ಏಪ್ರಿಲ್ ಬರುವಷ್ಟರಲ್ಲಿ ಗಾಳಿ ಉಗುಳಿತು. ಟ್ಯಾಂಕರ್ ನೀರಿಗೆ ಕಾದು ಕೂತ ದಿನಗಳಲ್ಲಿ ನಾನು ಅತ್ತಿದ್ದೇನೆ, ಬೆಂಗಳೂರಿಗೆ ವಾಪಸ್ ಹೋಗೋಣ ಅಂತ ಜಗಳ ಆಡಿದ್ದೇನೆ.

ಆಮೇಲೆ ಒಂದು ವರ್ಷ ಕೆರೆ ತುಂಬಿತು. ನನ್ನ ಮನಸ್ಸು ಇಲ್ಲಿ ನಿಂತದ್ದು ಆ ದಿನ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಬೆಳಗಿನ ಜಾವ ಬೀದಿಯಲ್ಲಿ ಯಾರೋ "ಕೋಡಿ ಬಿತ್ತು, ಕೋಡಿ ಬಿತ್ತು" ಅಂತ ಕೂಗಿಕೊಂಡು ಓಡಿದರು. ಒಲೆ ಮೇಲಿನ ಹಾಲು ಇಳಿಸಿ ನಾನೂ ಓಡಿದೆ. ಊರಿಗೆ ಊರೇ ಅಲ್ಲಿತ್ತು. ಮೊರದಲ್ಲಿ ಅರಿಶಿನ, ಕುಂಕುಮ, ಹಸಿರು ಬಳೆ, ರವಿಕೆ ಕಣ, ತೆಂಗಿನಕಾಯಿ ಇಟ್ಟು ಹೆಂಗಸರು ಬಾಗಿನ ತಂದಿದ್ದರು. ನಮ್ಮ ಪಕ್ಕದ ಮನೆ ಅಜ್ಜಿಗೆ ಮಂಡಿ ಬಗ್ಗುತ್ತಿರಲಿಲ್ಲ. ಮೊಮ್ಮಗನ ಹೆಗಲು ಹಿಡಿದು ಒಂದೊಂದೇ ಕಲ್ಲು ಇಳಿದು, ಬೊಗಸೆ ನೀರು ತಗೊಂಡು ಕಣ್ಣಿಗೆ ಒತ್ತಿಕೊಂಡಳು. "ಬಂದ್ಯಾ ತಾಯಿ, ಬಂದ್ಯಾ" ಅಂದಳು, ತವರಿಗೆ ಬಂದ ಮಗಳನ್ನು ಮಾತಾಡಿಸಿದ ಹಾಗೆ. ಹದಿನೈದು ದಿನದಲ್ಲಿ ನಮ್ಮ ಹಿತ್ತಲ ಬಾವಿಯಲ್ಲಿ ನೀರು ಮಿನುಗಿತು.

ಇನ್ನು ಸೈಟಿನ ವಿಷಯ. ಇಲ್ಲಿ ಜಾಸ್ತಿ ಎಚ್ಚರ ಬೇಕು. ಒಬ್ಬ ಬ್ರೋಕರ್ ನಮಗೆ ಗೋಪುರವೇ ಇಲ್ಲದ ಆ ದೇವಸ್ಥಾನದ ನಕ್ಷತ್ರದಾಕಾರದ ಗೋಡೆಗಳು ಕಿಟಕಿಯಿಂದ ಕಾಣುತ್ತವೆ ಅಂತ ಆಸೆ ತೋರಿಸಿ ಒಂದು ಜಾಗ ಕೊಡಲು ಬಂದಿದ್ದ. ಅಡ್ವಾನ್ಸ್ ಚೀಟಿಗೆ ಸಹಿ ಹಾಕುವ ಹಿಂದಿನ ಸಂಜೆ ಒಬ್ಬ ಮೇಷ್ಟ್ರು ನಮ್ಮನ್ನು ತಡೆದರು. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಕಟ್ಟಬೇಕಾದರೆ ಮೊದಲು ಅನುಮತಿ ಪಡೆಯಬೇಕು. 2010ರಲ್ಲಿ ಕಾನೂನು ಹೀಗೆ ಬಿಗಿಯಾಯಿತು. ನಮ್ಮೂರಲ್ಲಿ ಹೊಯ್ಸಳೇಶ್ವರ ಒಂದೇ ಅಲ್ಲ, ಕೇದಾರೇಶ್ವರ ಇದೆ, ಬಸ್ತಿಹಳ್ಳಿಯ ಬಸದಿಗಳಿವೆ. 2023ರಲ್ಲಿ ಬೇಲೂರು, ಸೋಮನಾಥಪುರದ ಜೊತೆ ನಮ್ಮ ದೇವಸ್ಥಾನವೂ ಯುನೆಸ್ಕೋ ಪಟ್ಟಿ ಸೇರಿತು. ನನಗೆ ಅದು ತುಂಬಾ ಹೆಮ್ಮೆಯ ವಿಷಯ. ಆ ಕಲ್ಲುಗಳ ಪಕ್ಕ ಎರಡಂತಸ್ತಿನ ಮನೆಗಳು ಏಳಬಾರದು ಅಂತಲೇ ನನ್ನ ಆಸೆಯೂ. ಆದ್ದರಿಂದ ನೀವೂ ಅಷ್ಟು ಹತ್ತಿರ ಬರಬೇಡಿ.

ಕೆರೆ ಕಡೆಯೂ ಅಷ್ಟೇ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಬಯಲಾದ ಜಾಗ ಯಾರ ಹೊಲವೂ ಅಲ್ಲ, ಅದು ಕೆರೆ ಅಂಗಳ. ಬೇಲೂರಿನ ತಾಲ್ಲೂಕು ಕಚೇರಿಯಲ್ಲಿ ಗ್ರಾಮ ನಕಾಶೆ ತಗೊಳ್ಳಿ. ಪಹಣಿ ನೋಡಿ. ಅಲಿನೇಷನ್, ಅಂದರೆ ಹೊಲವನ್ನು ಮನೆ ಕಟ್ಟುವ ಜಾಗವಾಗಿ ಬದಲಾಯಿಸುವುದು, ಆಗಿದೆಯಾ ಕೇಳಿ. ಸರ್ವೆಯವರಿಂದ ಗಡಿ ಅಳೆಸಿ ಹದ್ದುಬಸ್ತು ಮಾಡಿಸಿ, ಕಲ್ಲು ನೆಟ್ಟ ಮೇಲೆ ನಿಂತು ನೋಡಿ. "ಎಲ್ಲರೂ ಹೀಗೇ ಕಟ್ಟಿದ್ದಾರೆ" ಅಂತ ಹೇಳುವವರ ಮಾತಿಗೆ ಕಿವಿ ಕೊಡಬೇಡಿ.

ಹಾಸನದ ಬಗ್ಗೆ ನಿಮ್ಮವರು ಹೇಳಿದ್ದು ನಿಜ. ಸುಮಾರು 30 ಕಿ.ಮೀ. ರೈಲು, ದೊಡ್ಡ ಆಸ್ಪತ್ರೆ, ಬಟ್ಟೆ ಅಂಗಡಿ, ಕಣ್ಣಿನ ಡಾಕ್ಟರು, ಎಲ್ಲ ಅಲ್ಲಿ. ಹಗಲು ಹೊತ್ತಿನಲ್ಲಿ ಅದು ಹತ್ತಿರ. ಆದರೆ ನಮ್ಮ ಮನೆಯವರಿಗೆ ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡಾಗ ಅದೇ 30 ಕಿ.ಮೀ. ಮುಗಿಯಲೇ ಇಲ್ಲ. ಹಿಂದಿನ ಬೀದಿಯ ಹುಡುಗ, ಆಲೂಗಡ್ಡೆ ವ್ಯಾಪಾರದವನು, ಲುಂಗಿಯಲ್ಲೇ ಬಂದು ತನ್ನ ಓಮ್ನಿಯಿಂದ ಮೂಟೆ ಇಳಿಸಿ, ನಮ್ಮನ್ನು ಕೂರಿಸಿಕೊಂಡು ಹೋದ. ಸೀಟಿನಲ್ಲಿ ಇನ್ನೂ ಮಣ್ಣಿತ್ತು. ಬೆಳಗಾಗುವವರೆಗೂ ಆಸ್ಪತ್ರೆಯ ಹೊರಗೆ ಕೂತಿದ್ದ. ಈಗ ಅವರು ಚೆನ್ನಾಗಿದ್ದಾರೆ. ನಿಮ್ಮಲ್ಲಿ ಯಾರಿಗಾದರೂ ಹೃದಯದ್ದೋ ಕಿಡ್ನಿಯದ್ದೋ ತೊಂದರೆ ಇದ್ದರೆ ಮೊದಲು ಡಾಕ್ಟರ ಹತ್ತಿರ ಮಾತಾಡಿ. ಕಾರು ಇಟ್ಟುಕೊಳ್ಳಿ. ಅಕ್ಕಪಕ್ಕದವರನ್ನು ಬಂದ ದಿನದಿಂದಲೇ ಮಾತಾಡಿಸಿ.

ಸಣ್ಣ ಪುಟ್ಟದ್ದು: ಕಿಟಕಿಗೆಲ್ಲ ಸೊಳ್ಳೆ ಪರದೆ ಹಾಕಿಸಿ, ಸಂಜೆ ಆರಕ್ಕೆ ಬಾಗಿಲು ಮುಚ್ಚಿ. ಹಿತ್ತಲಲ್ಲಿ ಸೌದೆ ರಾಶಿ ಹಾಕಬೇಡಿ, ಹಾವು ಸೇರಿಕೊಳ್ಳುತ್ತದೆ. ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿದಾಗ ಪೇಟೆ ಕಡೆ ಹೋಗುವ ಕೆಲಸವನ್ನು ಬೆಳಗ್ಗೆಯೇ ಮುಗಿಸಿಕೊಳ್ಳಿ.

ಬಾಡಿಗೆ ಮನೆ ಹುಡುಕಲು ಬರುವಾಗ ಮೇ ತಿಂಗಳಲ್ಲಿ ಬನ್ನಿ. ಊಟ ನಮ್ಮ ಮನೆಯಲ್ಲಿ.

ಪ್ರಶ್ನೆ: ನಾನು ಹಾಸನದಲ್ಲಿ ಲ್ಯಾಬ್ ಟೆಕ್ನಿಷಿಯನ್. ಮಾರ್ಚಿನಲ್ಲಿ ಮದುವೆ, ಗಂಡನ ಮನೆ ಹಳೇಬೀಡು. ದಿನಾ ಬಸ್ಸಿನಲ್ಲಿ ಓಡಾಡಿ ಕೆಲಸ ಉಳಿಸಿಕೊಳ್ಳಬಹುದಾ ಆಂಟಿ? ಅತ್ತೆ ಮನೆಯವರು "ನೋಡೋಣ" ಅಂತಾರೆ.
– ಹಾಸನದ ಹುಡುಗಿ

ಉತ್ತರ: ಖಂಡಿತ ಉಳಿಸಿಕೊ ಮಗಳೇ. ಬೆಳಗಿನ ಬಸ್ಸಿನಲ್ಲಿ ನಿನ್ನ ಹಾಗೆ ಹೋಗುವ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದಾರೆ. ನರ್ಸುಗಳು, ಟೀಚರುಗಳು, ಕಾಲೇಜು ಹುಡುಗಿಯರು. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡೂ ಇಲ್ಲ. ಆಧಾರ್ ಕಾರ್ಡ್ ಪರ್ಸಿನಲ್ಲಿರಲಿ. ಹೋಗುವುದಕ್ಕೆ ಒಂದು ಗಂಟೆ, ಬರುವುದಕ್ಕೆ ಒಂದು ಗಂಟೆ ಅಂತ ಇಟ್ಟುಕೋ. ಕಷ್ಟ ಇರುವುದು ಸಂಜೆ. ಕತ್ತಲಾದ ಮೇಲೆ ಬಸ್ಸು ಕಡಿಮೆ. ನೈಟ್ ಶಿಫ್ಟ್ ಬೇಡ ಅಂತ ಈಗಲೇ ಲ್ಯಾಬಿನವರ ಹತ್ತಿರ ಮಾತಾಡಿ ಇಟ್ಟುಕೋ.

"ನೋಡೋಣ" ಅನ್ನುವ ಮಾತು ಮದುವೆಗೆ ಮುಂಚೆಯೇ "ಸರಿ" ಅಂತ ಆಗಬೇಕು. ಆ ಹುಡುಗನ ಹತ್ತಿರ ನೇರವಾಗಿ ಕೇಳು. ಬೆಳಗ್ಗೆ ಏಳೂವರೆಗೆ ನಾನು ಮನೆ ಬಿಟ್ಟರೆ ತಿಂಡಿ ಯಾರು ಮಾಡುತ್ತಾರೆ, ಅದನ್ನೂ ಕೇಳು. ಸಣ್ಣ ಪ್ರಶ್ನೆ ಅನ್ನಿಸಬಹುದು. ನನ್ನ ಸೊಸೆ ಕೆಲಸ ಬಿಡುವ ಹಂತಕ್ಕೆ ಬಂದದ್ದು ಈ ತಿಂಡಿಯಿಂದಲೇ. ಈಗ ಉಪ್ಪಿಟ್ಟು, ಅಕ್ಕಿ ರೊಟ್ಟಿ ನನ್ನ ಪಾಲು.

ಪ್ರಶ್ನೆ: ಹಳೇಬೀಡಿನ ಕೆರೆ ಮೀನು ರುಚಿ ಅಂತ ಕೇಳಿದ್ದೇನೆ. ಯಾವಾಗ ಬಂದರೆ ಸಿಗುತ್ತದೆ?
– ಅರಸೀಕೆರೆ

ಉತ್ತರ: ಕೆರೆಯಲ್ಲಿ ನೀರಿರುವ ತಿಂಗಳುಗಳಲ್ಲಿ, ಬೆಳಗ್ಗೆ ಬೇಗ. ಮಂಜು ಇರುವಾಗಲೇ ಹರಿಗೋಲು ದಡಕ್ಕೆ ಬರುತ್ತವೆ. ಕಾಟ್ಲಾ, ರೋಹು, ಜಿಲೇಬಿ ಮೀನು ಸಿಗುತ್ತವೆ. ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಬೇಸಿಗೆಯಲ್ಲಿ ನೀರು ತಗ್ಗಿದಾಗ ಹಿಡಿದದ್ದಕ್ಕೆ ಕೆಸರಿನ ವಾಸನೆ ಇರುತ್ತದೆ. ಉಪ್ಪು, ಅರಿಶಿನ ಸವರಿ ಅರ್ಧ ಗಂಟೆ ಇಟ್ಟು ಹುಣಸೆ ನೀರಿನಲ್ಲಿ ತೊಳೆದರೆ ಹೋಗುತ್ತದೆ. ಸಾರನ್ನು ಹಿಂದಿನ ರಾತ್ರಿಯೇ ಮಾಡಿಟ್ಟು ಮಾರನೇ ದಿನ ಬಿಸಿ ಮುದ್ದೆಗೆ ಹಾಕಿಕೊಳ್ಳಿ. ಪಾತ್ರೆ ನೀವೇ ತನ್ನಿ, ಅಲ್ಲಿ ಪ್ಲಾಸ್ಟಿಕ್ ಕವರ್ ಕೇಳಬೇಡಿ. ಆ ಕವರೆಲ್ಲ ಕೊನೆಗೆ ಸೇರುವುದು ಕೆರೆಗೇ.